ಗ್ರಂಥಕ್ಕೊಂದು ಗುಡಿಸು

ಹೆಂಡತಿಯ ದನಿ ಏರಿದೆ ಎಂಬುದು ಅವನ ದೂರು. ವರ್ಷದಿಂದೀಚೆಗೆ ಆಕೆ ಮಾತಾಡುವುದನ್ನೇ ಬಿಟ್ಟಿದ್ದಾಳೆ, ಏನಿದ್ದರೂ ಬರೀ ಘೋಷಣೆ ಎಂದು ಪ್ರೆಸ್ಸಿನಲ್ಲಿ ಯಂತ್ರಗಳ ಸದ್ದಿನ ನಡುವೆ ಸಿಕ್ಕಸಿಕ್ಕವರಿಗೆ ಹೇಳಿಕೊಳ್ಳುತ್ತಿದ್ದ. (ಆ ಸದ್ದಿನಲ್ಲಿ ಕೇಳಿಸಬೇಕೆಂದರೆ ಅವನೂ ಘೋಷಿಸಲೇಬೇಕಿತ್ತು. ಅದು ಬೇರೆ ವಿಷಯ.)

ಅವನ ಕೆಲಸ ಕರಡು ತಿದ್ದುವುದು. ಪುಸ್ತಕ ಅಚ್ಚಾಗುವ ಮುಂಚೆ ತೆಗೆಯುವ ಕರಡು ಹಾಳೆಗಳನ್ನು ಓದಿ ತಪ್ಪು ಹಿಡಿಯುವುದು. ಇಪ್ಪತ್ತಾರು ವರ್ಷ ಒಂದೇ ಪ್ರೆಸ್ಸು, ಒಂದೇ ಕುರ್ಚಿ, ಒಂದೇ ಬಣ್ಣದ ಶಾಯಿ. ಎಲ್ಲರೂ ಅವನನ್ನು ಕೆಂಪುಪೆನ್ನು ಎಂದೇ ಕರೆಯುತ್ತಿದ್ದರು. ಗೆಳೆಯರಾದ ನಮಗೂ ಅದೇ ರೂಢಿಯಾಗಿತ್ತು. ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದ, ಬೇಡದ ಅಕ್ಷರಕ್ಕೆ ಒಂದು ಗೀಟು, ಹಿಂದುಮುಂದಾದ ಪದಗಳಿಗೆ ಹಾವಿನಂಥ ಗೆರೆ. ಹೊಡೆದುಹಾಕಿದ ಮೇಲೆ ಮನಸ್ಸು ಬದಲಾದರೆ ಆ ಪದದ ಕೆಳಗೆ ಚುಕ್ಕಿಗಳ ಸಾಲು ಇಟ್ಟು, ಅಂಚಿನಲ್ಲಿ 'ಇದ್ದಂತೆಯೇ ಇರಲಿ' ಎಂದು ಬರೆಯಬೇಕು. ಈ ಕೊನೆಯದನ್ನು ಅವನು ವರ್ಷಕ್ಕೊಮ್ಮೆಯೂ ಬಳಸುತ್ತಿರಲಿಲ್ಲ. ಹೊಡೆದದ್ದು ಹೊಡೆದದ್ದೇ. ತನ್ನ ಮದುವೆಯ ಕರೆಯೋಲೆಯಲ್ಲೇ ಮೂರು ತಪ್ಪು ಗುರುತು ಮಾಡಿ ಮಾವನಿಗೆ ವಾಪಸು ಕಳಿಸಿದ್ದ ಮನುಷ್ಯ.

ಅಂಥವನ ಕಣ್ಣು ತಪ್ಪತೊಡಗಿತ್ತು. ಒಬ್ಬ ವಿದ್ವಾಂಸರ ಪುಸ್ತಕದ ಮುನ್ನುಡಿಯಲ್ಲಿ 'ನನ್ನ ಗುರುಗಳಿಗೆ ನಾನು ಸದಾ ಕೃತಜ್ಞ' ಎಂದಿರಬೇಕಾದ ಕಡೆ 'ಸದಾ ಕೃತಘ್ನ' ಎಂದು ಅಚ್ಚಾಗಿ, ಸಾವಿರ ಪ್ರತಿಯೂ ಹೊರಗೆ ಹೋಯಿತು. ಗುರುಗಳು ಬದುಕಿದ್ದರು, ಓದಿಯೂ ಓದಿದರು. ಪ್ರೆಸ್ಸಿನ ಯಜಮಾನರು ಅವನನ್ನು ಕರೆದು, ಬೈಯದೆ, ಬೈದಿದ್ದಕ್ಕಿಂತ ಹೆಚ್ಚಾಗುವ ಹಾಗೆ ಹೇಳಿದರು. "ಇನ್ನೊಂದು ಇಂಥದ್ದು ಆದ್ರೆ ಪೆನ್ನು ಮುಚ್ಚಿಟ್ಟುಬಿಡಿ. ನಿಮಗೂ ಸುಸ್ತಾಗಿದೆ, ನಮಗೂ ಸುಸ್ತಾಗಿದೆ."

ಸುಸ್ತು ಎಂಬುದನ್ನು ಅವನು ಒಪ್ಪಿಕೊಂಡ. ಕಾರಣವನ್ನೂ ಅಲ್ಲೇ ಕಂಡುಹಿಡಿದ. ಮನೆಯಲ್ಲಿ ನೆಮ್ಮದಿಯಿಲ್ಲ.

ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡ ಹಾಗೆ ಹೊಲಿಗೆ ಯಂತ್ರ, ಆಕೆಯ ಕೊರಳಲ್ಲಿ ಸದಾ ಅಳತೆಪಟ್ಟಿ, ಪಕ್ಕದಲ್ಲಿ ನೀಲಿ ರಟ್ಟಿನ ಅಳತೆಪುಸ್ತಕ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕರಡು ಹಾಳೆಗಳ ಜೊತೆ ಇವನು. ನಡುವೆ ಒಂದು ಫ್ಯಾನು. ಆಕೆ ಹಾಕುತ್ತಿದ್ದಳು, ಇವನು ಆರಿಸುತ್ತಿದ್ದ.

"ರೀ, ಹಾಲು ಉಕ್ಕುತ್ತೆ, ಒಲೆ ಆರಿಸಿ."

ಅವನು ಹಾಳೆಯಿಂದ ಕಣ್ಣೆತ್ತಲಿಲ್ಲ.

"ರೀ! ಹಾಲು!" ಆಕೆ ಎರಡನೇ ಸಲ ಹೇಳಿದಳು.

"ಅಬ್ಬಾ, ಹಾಗ್ಯಾಕೆ ಮೈಮೇಲೆ ಬೀಳ್ತೀಯ? ಮೆತ್ತಗೆ ಒಂದು ಮಾತು ಹೇಳಿದ್ರೆ ಆಗಲ್ವಾ?"

"ಮೆತ್ತಗೆ ಹೇಳಿದ್ದು ಈಗ ತಾನೇ ಉಕ್ಕಿ ಒಲೆ ಮೇಲೆ ಬಿತ್ತು. ಹೋಗಿ ಒರೆಸಿ."

ಇಂಥ ಹೊತ್ತಿನಲ್ಲಿ ಪ್ರೆಸ್ಸಿಗೆ ಆ ಪುಸ್ತಕ ಬಂತು. ನಿವೃತ್ತ ವೈದ್ಯರೊಬ್ಬರು ಬರೆದ 'ಹಾರ್ಮೋನು, ಆಹಾರ ಮತ್ತು ಆರೋಗ್ಯ'. ಯಜಮಾನರು ಕರಡನ್ನು ಮೇಜಿನ ಮೇಲಿಟ್ಟು, ಕೈ ತೆಗೆಯದೆ ಒಂದು ಕ್ಷಣ ನಿಂತರು. ಅದರ ಅರ್ಥ ಅವನಿಗೆ ತಿಳಿಯಿತು. ಅವರು ಹೇಳಿದ ಆ 'ಇನ್ನೊಂದು' ಇದರಲ್ಲಿ ಆಗಕೂಡದು.

ಅವನು ಎಲ್ಲ ಪುಸ್ತಕವನ್ನೂ ಅಕ್ಷರ ಅಕ್ಷರವಾಗಿ ನೋಡುತ್ತಿದ್ದವನೇ ಹೊರತು ಓದುತ್ತಿದ್ದವನಲ್ಲ. ಇದನ್ನು ಮಾತ್ರ ಓದಿದ. ಮೈಯೊಳಗೆ ಅಲ್ಲಲ್ಲಿ ಪುಟ್ಟ ಗ್ರಂಥಿಗಳಿವೆ, ಅವು ರಕ್ತದಲ್ಲಿ ದೂತರನ್ನು ಕಳಿಸುತ್ತವೆ, ಆ ದೂತರು ಹೇಳಿದ ಹಾಗೆ ಮನುಷ್ಯ ಹಸಿಯುತ್ತಾನೆ, ಬೆವರುತ್ತಾನೆ, ದಪ್ಪಗಾಗುತ್ತಾನೆ, ಸಿಟ್ಟಾಗುತ್ತಾನೆ. 'ಸಿಟ್ಟಾಗುತ್ತಾನೆ' ಎಂಬಲ್ಲಿ ಅವನು 'ನೆ' ಹೊಡೆದು 'ಳೆ' ಸೇರಿಸಬೇಕೋ ಎಂದು ಹಂಸಪಾದ ಹಾಕುವುದರಲ್ಲಿದ್ದ.

"ನೋಡೇ, ಇಷ್ಟು ವರ್ಷ ಗ್ರಂಥ ಗ್ರಂಥ ಅಂತ ಕಾಲ ಕಳೆದೆ. ಗ್ರಂಥಕ್ಕೆ ಒಂದು ಗುಡಿಸು ಕೊಟ್ಟರೆ ಗ್ರಂಥಿ! ಮನುಷ್ಯ ಅಂದ್ರೆ ಇಷ್ಟೇ."

"ಗುಡಿಸೋದಾದ್ರೆ ಪೊರಕೆ ಮೂಲೇಲಿದೆ. ನಿಮ್ಮ ಕುರ್ಚಿ ಕೆಳಗೆ ಒಂದು ವಾರದ ಕಸ ಇದೆ."

"ಆ ಗುಡಿಸು ಅಲ್ವೇ! ಅಕ್ಷರದ ತಲೆ ಮೇಲೆ ಕೂರುತ್ತಲ್ಲ, ಅದು."

"ತಲೆ ಮೇಲೆ ಕೂರೋದಕ್ಕೆ ಗುಡಿಸು ಯಾಕೆ, ನೀವೇ ಇದ್ದೀರಲ್ಲ."

ಅವನು ನಕ್ಕುಬಿಡಬಹುದಿತ್ತು. ಬದಲಿಗೆ ಒಂದು ಹಾಳೆ ತೆಗೆದು ಆಕೆಯ ರೋಗಲಕ್ಷಣಗಳ ಪಟ್ಟಿ ಶುರುಮಾಡಿದ. ಒಂದು, ವಿನಾಕಾರಣ ಕೋಪ. ಎರಡು, ಸದಾ ಸೆಕೆ. (ಅವನೇ ಬೇಸಿಗೆಯಲ್ಲಿ ಸ್ವೆಟರು ಹಾಕಿಕೊಂಡು, ಕಿವಿಗೆ ಮಫ್ಲರು ಸುತ್ತಿಕೊಂಡು ಬರೆಯುತ್ತಿದ್ದ.) ಮೂರು, ಒಂದೇ ಮಾತನ್ನು ಎರಡು ಸಲ ಹೇಳುವ ಚಟ.

ಮೊದಲು ಆಹಾರದಿಂದ ರಿಪೇರಿ ಎಂದು ತೀರ್ಮಾನಿಸಿದ. ಏಳನೇ ಅಧ್ಯಾಯದ ಕೋಷ್ಟಕವನ್ನು ನಕಲು ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ. ಮೊಟ್ಟೆ ಒಂದು, ಸೊಪ್ಪು ಒಂದು ಬಟ್ಟಲು, ಅಗಸೆ ಬೀಜ ಹತ್ತು ಚಮಚ.

ಆಕೆ ಕೈ ಒರೆಸಿಕೊಳ್ಳುತ್ತಾ ಓದಿದಳು. "ರೀ, ಇದು ತಪ್ಪಿರಬೇಕು. ಹತ್ತು ಚಮಚ ಅಗಸೆ ಮನುಷ್ಯರು ತಿಂತಾರಾ?"

"ವೈದ್ಯರು ಬರೆದದ್ದು. ನೀನು ತಿದ್ದಬೇಡ. ತಿದ್ದೋನು ನಾನು."

"ತಂದುಕೊಡಿ ಆ ಪುಸ್ತಕದ ಕರಡು." ತಂದುಕೊಟ್ಟ. ಆಕೆ ಅಳತೆಪಟ್ಟಿಯ ತುದಿಯನ್ನು ಸಾಲಿನ ಮೇಲಿಟ್ಟು ಓದಿದಳು. "ನೋಡಿ, ಹಿಂದಿನ ಪುಟದಲ್ಲಿ ದಿನಕ್ಕೆ ಒಂದು ಚಮಚ ಸಾಕು ಅಂತಿದೆ. ಇಲ್ಲಿ ಒಂದರ ಪಕ್ಕ ಸೊನ್ನೆ ಬಿದ್ದಿದೆ."

"ಅಂಕಿ ಲೇಖಕರ ಜವಾಬ್ದಾರಿ. ನಂದು ಅಕ್ಷರ. ನೀನು ತಿನ್ನದಿದ್ರೆ ಬಿಡು, ನಾನು ತಿಂದು ತೋರಿಸ್ತೀನಿ."

"ಬೇಡ," ಎಂದಳು ಆಕೆ. ಅವನು ಚಮಚ ಎತ್ತಿದ. "ಬೇಡಾ ಅಂದೆ!" ಎಂದು ಆಕೆ ಕೂಗಿದಳು.

ಅವನು ತಿಂದ. ವಿಜ್ಞಾನಕ್ಕಾಗಿ ದೇಹ ಒಡ್ಡಿದವರ ಗಾಂಭೀರ್ಯದಿಂದ, ಹತ್ತನೆಯ ಚಮಚದವರೆಗೂ ತಿಂದ. ಅದರ ಮುಂದಿನ ಎರಡು ದಿನ ಪ್ರೆಸ್ಸಿಗೆ ಹೋಗಲಿಲ್ಲ. ಹೆಚ್ಚಿನ ಹೊತ್ತು ಕಳೆದ ಕೋಣೆಗೆ ಕಿಟಕಿ ಚಿಕ್ಕದಿತ್ತು, ಒಳಗೆ ಓದುವಷ್ಟು ಬೆಳಕಿರಲಿಲ್ಲ. ಹೊರಬಂದವನು ಕೆಂಪು ಪೆನ್ನು ತೆಗೆದು ಆ ಸೊನ್ನೆಯ ಮೇಲೆ ಗೀಟು ಎಳೆದ. ಆಕೆ ನೋಡುತ್ತಿದ್ದಳು. ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು ಮತ್ತೆ ಓಡಿತು, ಅಷ್ಟೇ.

ಆಹಾರದಿಂದ ಆಗಲಿಲ್ಲ ಎಂದಮೇಲೆ ರಕ್ತಪರೀಕ್ಷೆ. ಆಕೆ ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ.

"ಬರ್ತೀನಿ. ಆದ್ರೆ ನೀವೂ ಕೊಡಬೇಕು."

"ನನಗೇನಾಗಿದೆ?"

"ಏನಾಗಿಲ್ಲ ಅಂತಲೇ ಕೊಡಿ. ನನಗೆ ಸೂಜಿ ಅಂದ್ರೆ ಭಯ."

ದಿನಕ್ಕೆ ನೂರು ಸಲ ಸೂಜಿಗೆ ದಾರ ಪೋಣಿಸುವವಳು ಹೀಗೆ ಹೇಳಿದಳು. ಅವನು ನಂಬಿದ. ಧೈರ್ಯ ತುಂಬುವುದಕ್ಕೆಂದು ಮೊದಲು ತನ್ನ ತೋಳನ್ನೇ ಮುಂದೆ ಮಾಡಿದ.

ಮಾರನೆಯ ದಿನ ಎರಡು ವರದಿ ಬಂದವು. ಥೈರಾಯ್ಡಿನ ಪರೀಕ್ಷೆಯ ಸಾಲಿನಲ್ಲಿ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂವತ್ತೆಂಟು. ಪಕ್ಕದಲ್ಲಿ, ಎಷ್ಟಿದ್ದರೆ ಸರಿ ಎಂದು ಅಚ್ಚಾಗಿತ್ತು: ನಾಲ್ಕೂವರೆಯ ಒಳಗೆ. ಅವನ ಮುಖ ಬೆಳಗಿತು. ಕೊನೆಗೂ ಸಾಕ್ಷಿ! ಆಮೇಲೆ ಮೇಲಿನ ಹೆಸರು ನೋಡಿದ. ಮೂವತ್ತೆಂಟರ ಮೇಲಿದ್ದದ್ದು ಅವನದೇ ಹೆಸರು.

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಇಪ್ಪತ್ತಾರು ವರ್ಷದ ಅನುಭವ ಅವನನ್ನು ಕಾಪಾಡಿತು. ಎಷ್ಟೋ ಪುಸ್ತಕಗಳಲ್ಲಿ ಹನ್ನೆರಡನೇ ಪುಟದ ಜಾಗಕ್ಕೆ ಇಪ್ಪತ್ತೊಂದು ಬಂದು ಕೂತದ್ದನ್ನು ಅವನು ಕಂಡಿದ್ದ. ಇದೂ ಅಂಥದ್ದೇ, ಹೆಸರು ಅದಲುಬದಲಾಗಿದೆ. ಎರಡೂ ಹೆಸರುಗಳನ್ನು ನೀಟಾಗಿ ಹೊಡೆದು, ಒಂದರ ಜಾಗದಲ್ಲಿ ಇನ್ನೊಂದು ಬರೆದು, 'ತಿದ್ದಲಾಗಿದೆ' ಎಂದು ಸಹಿ ಹಾಕಿದ. ಆ ಒಂದು ವರ್ಷದಲ್ಲಿ ಅವನು ಅಷ್ಟು ಅಚ್ಚುಕಟ್ಟಾಗಿ ಬೇರೇನನ್ನೂ ತಿದ್ದಿರಲಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವನು ಮಫ್ಲರು ಬಿಗಿಮಾಡಿಕೊಂಡು, ಹೆಂಡತಿಯ ವರದಿ ಎಂದು ಮೂವತ್ತೆಂಟನ್ನು ಮುಂದಿಟ್ಟ.

ಡಾಕ್ಟರಮ್ಮ ಹೆಂಡತಿಯತ್ತ ತಿರುಗಿದರು. "ಚಳಿ ಜಾಸ್ತಿ ಆಗುತ್ತಾ ನಿಮಗೆ?"

"ಇಲ್ಲ."

"ತೂಕ ಏರಿದೆಯಾ? ಮರೆವು? ಹಗಲೆಲ್ಲ ತೂಕಡಿಕೆ?"

"ಇಲ್ಲ, ಇಲ್ಲ, ಇಲ್ಲ."

"ಅವಳು ಒಪ್ಪಲ್ಲ ಡಾಕ್ಟ್ರೇ," ಎಂದ ಇವನು. ಗಂಟಲು ಗೊಗ್ಗರಾಗಿತ್ತು.

ಡಾಕ್ಟರಮ್ಮ ಆಗ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. ಸ್ವೆಟರು, ಮಫ್ಲರು, ಊದಿದ ರೆಪ್ಪೆ. ಮತ್ತೆ ವರದಿಯನ್ನು ನೋಡಿದರು. "ಈ ತಿದ್ದುಪಡಿ ಯಾರದ್ದು?"

"ನಂದೇ," ಎಂದ, ವಿನಯದಿಂದ.

ಅವನನ್ನು ಎತ್ತರದ ಮಂಚದ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಹಿಂದೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಹಿಂದಕ್ಕೆ ಚಿಮ್ಮಿತು. ವಾಪಸು ಬರುವುದಕ್ಕೆ ಮಾತ್ರ ಯೋಚನೆ ಮಾಡಿತು. ಮೂವರೂ ಕಾದರು. ನಿಧಾನವಾಗಿ, ರಜೆ ಮುಗಿಸಿ ಕೆಲಸಕ್ಕೆ ಮರಳುವವರ ಹಾಗೆ ಬಂತು.

"ಬಿಡುವಾದರೆ ಇದನ್ನೂ ನೋಡಿ," ಎಂದು ಹೆಂಡತಿ ಚೀಲದಿಂದ ನೀಲಿ ರಟ್ಟಿನ ಅಳತೆಪುಸ್ತಕ ತೆಗೆದಳು. "ಇವರ ಅಂಗಿ ಎಲ್ಲಾ ನಾನೇ ಹೊಲಿಯೋದು. ಹೋದ ವರ್ಷ ಕತ್ತು ಹದಿನೈದು. ಆಮೇಲೆ ಹದಿನಾರು. ಈಗ ಹದಿನಾರೂವರೆ. ಊಟ ಮಾತ್ರ ಮೊದಲಿನ ಅರ್ಧ. ಏನೋ ಆಗಿದೆ ಅಂತ ಆರು ತಿಂಗಳಿಂದ ಹೇಳ್ತಿದ್ದೀನಿ."

"ನೀನು ಯಾವಾಗ ಹೇಳಿದೆ?" ಎಂದ ಅವನು.

"ಎರಡೆರಡು ಸಲ ಹೇಳಿದ್ದೀನಿ."

ಡಾಕ್ಟರಮ್ಮ ಅಳತೆಪುಸ್ತಕವನ್ನು ತಮ್ಮ ವರದಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಹೇಳಿದರು. "ನೋಡಿ ಯಜಮಾನ್ರೇ, ಮೆದುಳಿನ ಬುಡದಲ್ಲಿ ಬಟಾಣಿಯಷ್ಟು ಒಂದು ಗ್ರಂಥಿ ಇದೆ. ಕತ್ತಿನಲ್ಲಿರೋ ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋದು ಅದರ ಕೆಲಸ. ಥೈರಾಯ್ಡು ಕೆಲಸ ಮಾಡದಿದ್ರೆ ಇನ್ನೂ ಜೋರಾಗಿ ಹೇಳುತ್ತೆ. ಈ ಮೂವತ್ತೆಂಟು ಇದೆಯಲ್ಲ, ಅದು ಆ ಜೋರು. ನಿಮ್ಮೊಳಗೆ ಅದು ಗಂಟಲು ಹರ್ಕೊಂಡು ಕಿರುಚ್ತಾ ಇದೆ."

"ಹಾಗಾದ್ರೆ ಆ ಕಿರುಚಾಟ ನಿಲ್ಲೋದಕ್ಕೆ ಒಂದು ಮಾತ್ರೆ ಕೊಡಿ."

"ಮಾತ್ರೆ ಕಿರುಚೋರಿಗಲ್ಲ. ಕೆಲಸ ಮಾಡದೆ ಕೂತಿರೋರಿಗೆ."

ಹೆಂಡತಿ ಕಿಟಕಿಯ ಆಚೆ ನೋಡಿದಳು. ಅಳತೆಪಟ್ಟಿ ಕೊರಳಲ್ಲೇ ಉಳಿದುಬಿಟ್ಟಿತ್ತು. ಅದರ ಎರಡೂ ತುದಿ ನಗುವಿಗೆ ಸಣ್ಣಗೆ ಅಲುಗುತ್ತಿದ್ದವು.

"ಮೊದಲು ಇದನ್ನ ಸರಿಮಾಡಿ," ಎಂದು ಡಾಕ್ಟರಮ್ಮ ಎರಡೂ ವರದಿಗಳನ್ನು ಅವನ ಕಡೆ ತಳ್ಳಿದರು. ಅವನು ಪೆನ್ನು ತೆಗೆದ. ತಾನೇ ಹೊಡೆದುಹಾಕಿದ ತನ್ನ ಹೆಸರಿನ ಕೆಳಗೆ ಒಂದೊಂದಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ಬರೆದ. ಇದ್ದಂತೆಯೇ ಇರಲಿ. ಇನ್ನೊಂದರಲ್ಲೂ ಹಾಗೆಯೇ.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಆ ಒಂದು ಗಂಟೆ ಆಕೆ ಎದುರಿಗೆ ಕೂತು ತನ್ನ ಲೋಟವನ್ನು ಸಾವಕಾಶವಾಗಿ ಮುಗಿಸುತ್ತಿದ್ದಳು, ಕೊನೆಯ ಗುಟುಕಿಗೆ ಕಣ್ಣುಮುಚ್ಚಿ. ಮೂರು ತಿಂಗಳಲ್ಲಿ ಸ್ವೆಟರು ಪೆಟ್ಟಿಗೆಗೆ ಹೋಯಿತು. ಕತ್ತು ಹದಿನಾರಕ್ಕೆ ಇಳಿಯಿತು, ಆಕೆ ಗುಂಡಿಗಳನ್ನು ಸರಿಸಿ ಹೊಲಿದಳು. ಮೊದಲ ಸಲ ಹೇಳಿದ್ದು ಅವನಿಗೆ ಕೇಳಿಸತೊಡಗಿತು.

ಪ್ರೆಸ್ಸಿನಲ್ಲಿ ಅವನು ಎಲ್ಲರಿಗೂ ಸಾರಿದ. "ಮಾತ್ರೆ ತಗೊಳ್ಳೋದು ನಾನು, ದನಿ ಇಳಿದದ್ದು ಅವಳದು! ಎಂಥಾ ವಿಜ್ಞಾನ ನೋಡಿ."

ಪುಸ್ತಕ ಒಂದೂ ತಪ್ಪಿಲ್ಲದೆ ಹೊರಬಂತು. ನಿವೃತ್ತ ವೈದ್ಯರು ಯಜಮಾನರಿಗೆ ಕಾಗದ ಬರೆದರು: ಏಳನೇ ಅಧ್ಯಾಯದ ಆ ಸೊನ್ನೆ ಉಳಿದಿದ್ದರೆ ಎಷ್ಟು ಓದುಗರು ಹಾಸಿಗೆ ಹಿಡಿಯುತ್ತಿದ್ದರೋ, ಅದನ್ನು ಹಿಡಿದ ಸೂಕ್ಷ್ಮ ದೃಷ್ಟಿಗೆ ನಾನು ಸದಾ ಕೃತಜ್ಞ. ಯಜಮಾನರು ಅದನ್ನು ಗೋಡೆಗೆ ಅಂಟಿಸಿ, ಪೆನ್ನು ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಅವನು ನಕಲು ತಂದು ಮನೆಯಲ್ಲಿ ತೋರಿಸಿದ.

"ಯಾರ ದೃಷ್ಟಿ?" ಎಂದು ಕೇಳಿದಳು ಆಕೆ, ಮೆತ್ತಗೆ. ಅವನಿಗೆ ಮೊದಲ ಸಲಕ್ಕೇ ಕೇಳಿಸಿತು. ಕೇಳಿಸದವನ ಹಾಗೆ ಪೊರಕೆ ತೆಗೆದುಕೊಂಡು ಕುರ್ಚಿಯ ಕೆಳಗೆ ಗುಡಿಸಲು ಹೋದ.

ಇದು ಒಂಬತ್ತು ವರ್ಷದ ಹಿಂದಿನ ಮಾತು. ಹೋದ ತಿಂಗಳು ಅವನು ತೀರಿಕೊಂಡ. ಅದಕ್ಕೂ ಈ ಗ್ರಂಥಿಗೂ ಸಂಬಂಧವಿಲ್ಲ. ಗ್ರಂಥಿ ಕೊನೆಯವರೆಗೂ ಹೇಳಿದ ಮಾತು ಕೇಳಿತ್ತು.

ಈ ಬರಹದ ಕರಡನ್ನು ತಿದ್ದಲು ಅವನಿಲ್ಲದ ಕಾರಣ ಆಕೆಗೆ ಕೊಡಬೇಕಾಯಿತು. ಮೇಜಿನ ಡಬ್ಬಿಯಲ್ಲಿದ್ದ ಅವನ ಪೆನ್ನಿನಿಂದಲೇ ತಿದ್ದಿ ಕಳಿಸಿದ್ದಾಳೆ. ಕತ್ತಿನ ಅಳತೆ ಹದಿನೇಳು ಎಂದು ನಾನು ಬರೆದದ್ದು ಹದಿನಾರೂವರೆಯಾಗಿದೆ. 'ಕೂಗಿದಳು' ಎಂದು ಬಂದಲ್ಲೆಲ್ಲ ಗೀಟು ಎಳೆದು, 'ಎರಡನೇ ಸಲ ಹೇಳಿದಳು' ಎಂದು ಮಾಡಿದ್ದಾಳೆ. ಒಂದು ಕಡೆ ಮಾತ್ರ, ಅವನು ಅಗಸೆಯ ಚಮಚ ಎತ್ತಿದ ಕಡೆ, ಹೊಡೆದ ಮೇಲೆ ಮನಸ್ಸು ಬದಲಾಯಿಸಿದ್ದಾಳೆ. ಕೆಳಗೆ ಚುಕ್ಕಿಗಳ ಸಾಲು. ಅಂಚಿನಲ್ಲಿ, ಹೊಲಿಗೆಯಷ್ಟು ಒತ್ತೊತ್ತಾದ ಅಕ್ಷರದಲ್ಲಿ: ಇದ್ದಂತೆಯೇ ಇರಲಿ.