ಮಾವ ಅಳೆದ ಲ್ಯಾಪ್‌ಟಾಪು

ನಾನು ಡಿಗ್ರಿ ಪಾಸು ಮಾಡುವುದು ಸಾಧ್ಯವೇ ಇಲ್ಲ ಎಂದು ಮೊಟ್ಟಮೊದಲು ಹೇಳಿದವರು ನಮ್ಮ ಸೋದರಮಾವ. ಸುಮ್ಮನೆ ಹೇಳಲಿಲ್ಲ, ಅಳೆದು ಹೇಳಿದರು. ಐದನೇ ಕ್ಲಾಸಿನಲ್ಲಿ ನಾನು ಲೆಕ್ಕದಲ್ಲಿ ಫೇಲಾಗಿ ಬಂದ ದಿನ ಕುತ್ತಿಗೆಯ ಟೇಪು ತೆಗೆದು ನನ್ನ ತಲೆಗೆ ಸುತ್ತಿದರು. "ಹತ್ತೊಂಬತ್ತೂವರೆ. ಇದರೊಳಗೆ ಎಸ್ಸೆಲ್ಸಿ ಹಿಡಿದ್ರೆ ಹೆಚ್ಚು. ಡಿಗ್ರಿ ಹಿಡಿಯಲ್ಲ ಬುಡಕ್ಕ" ಎಂದು ಅಮ್ಮನಿಗೆ ತೀರ್ಪು ಕೊಟ್ಟರು. ಮಾರನೆಯ ದಿನದಿಂದ ನನ್ನನ್ನು ಟ್ಯೂಷನ್ನಿಗೆ ಸೈಕಲ್ಲಿನಲ್ಲಿ ಬಿಟ್ಟುಬರತೊಡಗಿದವರೂ ಅವರೇ. ಹಿಡಿಯದ್ದನ್ನು ಹಿಡಿಸುವುದೇ ಟೈಲರ್ ಕೆಲಸವಂತೆ.

ಅಪ್ಪ ತೀರಿಕೊಂಡ ಮೇಲೆ ನಾನು, ಅಮ್ಮ ಅವರ ಮನೆಯಲ್ಲೇ ಇದ್ದೆವು. ಲಕ್ಷ್ಮೀಪುರಂನ ಒಂದು ಗಲ್ಲಿಯಲ್ಲಿ ಅವರ ಹೊಲಿಗೆ ಅಂಗಡಿ. ಓದಿದ್ದು ನಾಲ್ಕನೇ ಕ್ಲಾಸು. ಪ್ರಪಂಚವನ್ನು ಅವರು ಇಂಚಿನಲ್ಲಿ ಅರ್ಥ ಮಾಡಿಕೊಂಡಿದ್ದರು. ಬೇಕರಿಯವನಿಗೆ, "ಹೋದ ವಾರ ಮೈಸೂರುಪಾಕು ಒಂದೂವರೆ ಇಂಚಿತ್ತು, ಈಗ ಒಂದೂಕಾಲು ಆಗದೆ. ಒಗೆದ್ರಾ?" ಎಂದು ಕೇಳಿದ್ದರು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಒಬ್ಬ ವರ ನೋಡಲು ಬಂದ. ಅವನು ಉಪ್ಪಿಟ್ಟು ಮುಗಿಸುವುದರೊಳಗೆ ಮಾವ ಕಣ್ಣಲ್ಲೇ ಅಳತೆ ಮುಗಿಸಿದ್ದರು. "ಎಡಭುಜ ಅರ್ಧ ಇಂಚು ಇಳಿದದೆ ಕಣಕ್ಕ. ಸೋಮಾರಿ. ಬ್ಯಾಡ." ಮುಂದಿನ ವರನಿಗೂ ಭುಜ ಇಳಿದಿತ್ತು. ಅದರ ಮುಂದಿನವನಿಗೂ. ಮೈಸೂರಿನಲ್ಲಿ ನೆಟ್ಟಗಿನ ಭುಜದ ಗಂಡಸೇ ಇಲ್ಲವೇನೋ ಎಂದು ಅಮ್ಮ ಅತ್ತಳು. ನಾನು ಆರಾಮಾಗಿ ಡಿಗ್ರಿ ಮುಗಿಸಿ ಎಂ.ಎಸ್ಸಿ. ಭೂಗೋಳಕ್ಕೆ ಸೇರಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯಬೇಕಿತ್ತು. ಲ್ಯಾಪ್‌ಟಾಪು ನಾನೇ ಕೊಡಿಸುತ್ತೇನೆ ಎಂದರು ಮಾವ. ಎರಡು ಸೈಜು ಇವೆ, ಹದಿನಾಲ್ಕು ಇಂಚು, ಹದಿನೈದು ಚಿಲ್ಲರೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಇಂಚು ಎಂದಮೇಲೆ ಅದು ಅವರ ಇಲಾಖೆ.

"ಟ್ರಯಲ್ ನೋಡ್ದೆ ತಗೊಳ್ಳೋ ವಸ್ತುನಾ ಅದು?" ಎಂದು ಎರಡು ರಟ್ಟು ಕತ್ತರಿಸಿದರು. ಒಂದರ ಅಗಲ ಹದಿನಾಲ್ಕು ಇಂಚು, ಇನ್ನೊಂದರದು ಹದಿನೈದೂವರೆ. ಒಂದು ವಾರ ನಾನು ಸಿಟಿ ಬಸ್ಸಿನಲ್ಲಿ ಒಂದು ದಿನ ಈ ರಟ್ಟು, ಒಂದು ದಿನ ಆ ರಟ್ಟು ಎದೆಗವುಚಿಕೊಂಡು ಓಡಾಡಿದೆ. ನನಗೆ ಚಿಕ್ಕದೇ ಬೇಕಿತ್ತು, ಕ್ಲಾಸಿನವರೆಲ್ಲ ಅದನ್ನೇ ತಂದಿದ್ದರು. "ನಕ್ಷೆ ನೋಡ್ಬೇಕು ಅಂತೀಯ. ಕಣ್ಣು ನಿಂದು, ಕ್ಲಾಸಿನೋರ್ದಲ್ಲ" ಎಂದ ಮಾವ, ದೊಡ್ಡದರ ಅಳತೆಗೆ ಮಾರ್ಜಿನ್ ಬಿಟ್ಟು, ಸೂಟಿಂಗ್ ಬಟ್ಟೆಯಲ್ಲಿ ಒಳಪದರ ಕೊಟ್ಟು, ಒಂದು ಬ್ಯಾಗನ್ನೂ ಹೊಲಿದುಬಿಟ್ಟರು.

ಅಂಗಡಿಗೆ ಹೋದೆವು. ಎರಡೂ ಲ್ಯಾಪ್‌ಟಾಪುಗಳನ್ನು ತೆರೆದಿಟ್ಟರು. ಮಾವ ಟೇಪು ತೆಗೆದು ಪರದೆಯ ಅಗಲ ಅಳೆದರು. ಹಿಂದೆಮುಂದೆ ತಿರುಗಿಸಿ ಮತ್ತೆ ಅಳೆದರು.

"ಸ್ವಾಮಿ, ಇದು ಹನ್ನೆರಡೇ ಅದೆ. ಅದು ಹದಿಮೂರೂವರೆ. ಎರಡರಲ್ಲೂ ಎರಡೆರಡು ಇಂಚು ಹೊಡೆದಿದ್ದೀರಲ್ರೀ."

ಅಂಗಡಿಯವರು ನಕ್ಕರು. "ಯಜಮಾನ್ರೇ, ಇದನ್ನ ಮೂಲೆಯಿಂದ ಮೂಲೆಗೆ ಅಳೀಬೇಕು. ಓರೆಯಾಗಿ."

"ಓರೆಯಾಗಾ? ಹಂಗಾದ್ರೆ ನಾಳೆ ನಿಮ್ಮ ಪ್ಯಾಂಟಿನ ಉದ್ದಾನ ಎಡಗಾಲಿನ ಹೆಬ್ಬೆರಳಿಂದ ಬಲ ಸೊಂಟಕ್ಕೆ ಅಳೆದು ಹೊಲಿದುಕೊಡ್ಲಾ? ಹಾಕ್ಕೊಂಡು ಅಂಗಡಿಗೆ ಬರ್ತೀರಾ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಹಾಗೆ ನಕ್ಕವರಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ದೊಡ್ಡ ದೊಡ್ಡ ಬಂಗಲೆಗಳ ಗೋಕುಲಂನವಳು, ಅವಳ ಅಪ್ಪನ ಜೊತೆ ಬಂದಿದ್ದಳು. ಮಾವನ ಕುತ್ತಿಗೆಯ ಟೇಪು, ಅಂಗಿಯ ಮೇಲಿನ ಸೀಮೆಸುಣ್ಣ ಎಲ್ಲ ನೋಡಿ, "ಯಾರೇ ಅವ್ರು?" ಎಂದಳು.

ನಾನು ಹೇಳಿದೆ: "ನಮ್ಮ ಟೈಲರ್ರು. ಬ್ಯಾಗಿಗೆ ಅಳತೆ ತಗೊಳ್ಳೋಕೆ ಬಂದವ್ರೆ."

ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮಾವ ಮೂರು ಅಡಿ ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ ಎಂದು ನಾನು ಅನುಮಾನಪಡುವುದಕ್ಕೂ ಅವರು ಅವಕಾಶ ಕೊಡಲಿಲ್ಲ. ಟೇಪು ಸುತ್ತಿ ಜೇಬಿಗಿಟ್ಟುಕೊಂಡು, ಕೈಕಟ್ಟಿ ನಿಂತು ಕೇಳಿದರು: "ಯಾವ ಸೈಜು ತಗೋತೀರಿ ಮೇಡಂ? ಅದರ ಮೇಲೆ ನಾನು ಬ್ಯಾಗು ಸರಿ ಮಾಡ್ತೀನಿ."

ಎತ್ತಿ ಆಡಿಸಿದ ಸೊಸೆಗೆ ಮೇಡಂ! ಅಲ್ಲಿಂದ ಹೊರಬಿದ್ದರೆ ಸಾಕಾಗಿ ಹದಿನಾಲ್ಕಿಂಚಿನದನ್ನು ತೋರಿಸಿದೆ. ದಾರಿಯುದ್ದಕ್ಕೂ ಅವರು ನನಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದರು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ಮನೆಯಲ್ಲಿ ಅಮ್ಮ ಕೇಳಿದ್ದಕ್ಕೆ, "ಬ್ಯಾಗು ದೊಡ್ಡದಾಯ್ತು ಅಷ್ಟೇ" ಎಂದು ಹೊಲಿಗೆ ಬಿಚ್ಚಲು ಕೂತರು. ಕ್ಷಮೆ ಕೇಳಬೇಕೆಂದು ಬಾಗಿಲವರೆಗೆ ಹೋಗಿ, ಸೂಜಿ ಇದೆಯಾ ಎಂದು ಕೇಳಿ ವಾಪಸು ಬಂದೆ. ಆಮೇಲೆ ತಿಂಗಳುಗಳು ಕಳೆದವು. ಆ ಚಿಕ್ಕ ಪರದೆಯ ಮೇಲೆ ನದಿ ಯಾವುದು, ರಸ್ತೆ ಯಾವುದು ಎಂದು ಕಣ್ಣು ಕಿರಿದು ಮಾಡಿ ಹುಡುಕಿದಾಗಲೆಲ್ಲ ನನ್ನ ಬುದ್ಧಿಯ ಅಳತೆ ನನಗೇ ಸಿಗುತ್ತಿತ್ತು.

ಎಂ.ಎಸ್ಸಿ. ಸರ್ಟಿಫಿಕೇಟನ್ನು ನಮ್ಮ ವಿಭಾಗದಲ್ಲೇ ಕೊಟ್ಟರು. ಮನೆಯವರು ಬರಬಹುದೆಂದಿದ್ದರು. ಅಮ್ಮನಿಗೆ ಜ್ವರ. ಮಾವ ಬಂದರು, ಆದರೆ ಗೇಟಿನ ಹೊರಗೇ ನಿಂತರು. "ನೀನು ಹೋಗು. ನಿನ್ ಕ್ಲಾಸಿನೋರೆಲ್ಲ ಇರ್ತಾರೆ. ನಾನಿಲ್ಲೇ ಇರ್ತೀನಿ."

ನನ್ನ ಹೆಸರು ಕೂಗಿದರು, ಹೋಗಿ ಇಸಿದುಕೊಂಡೆ. ನಮ್ಮ ವಂಶದಲ್ಲಿ ಯಾರೂ ಕೈಯಲ್ಲಿ ಹಿಡಿಯದ ಕಾಗದ ಅದು. ಚಪ್ಪಾಳೆ ನಿಲ್ಲುವ ಮೊದಲೇ ಹೊರಗೆ ಓಡಿ ಮಾವನ ಕೈ ಹಿಡಿದು ಎಳೆದುಕೊಂಡು ಬಂದೆ. ಗೋಕುಲಂ ಹುಡುಗಿ ಬಾಗಿಲಲ್ಲೇ ಸಿಕ್ಕಳು. ಅವಳು ಬಾಯಿ ತೆರೆಯುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇವರು ನನ್ನ ಸೋದರಮಾವ. ನನ್ನನ್ನ ಓದಿಸಿದೋರು. ಅವತ್ತು ನಿನಗೆ ಹೇಳೋಕೆ ನಾಚಿಕೆಪಟ್ಟಿದ್ದೆ."

ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಮಾವ ಪಂಚೆಗೆ ಕೈ ಒರೆಸಿಕೊಂಡು ಅದನ್ನು ಅಂಚಿನಲ್ಲಷ್ಟೇ ಹಿಡಿದರು. "ನಿನ್ ಹೆಸರೆಲ್ಲದೆ?" ಎಂದು ಕೇಳಿ, ನಾನು ತೋರಿಸಿದ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದರು:

"ಟೈಲರ್ರೇ ಅಲ್ವಾ ನಾನು, ನೀನೇನು ಸುಳ್ಳು ಹೇಳ್ದೆ? ಅದಕ್ಕೆ ಇಷ್ಟು ದಿನ ಮುಖ ಚಿಕ್ಕದು ಮಾಡ್ಕೊಂಡಿದ್ಯಾ? ತಗೋ, ಮಡಿಸ್ಬ್ಯಾಡ ಕಣವ್ವ. ಇದಕ್ಕೆ ಮಡಿಕೆ ಬಿದ್ರೆ ಇಸ್ತ್ರಿ ಹಾಕಕ್ಕಾಗಲ್ಲ."