ದೊಡ್ಡಮಾದಯ್ಯ ಕೈ ಎತ್ತದ ದಿನ

ಕೃಷ್ಣರಾಜನಗರದ ನಾಲ್ಕು ರಸ್ತೆ ಕೂಡುವ ವೃತ್ತಕ್ಕೆ ಹೊಸ ಸಿಗ್ನಲ್ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಗೃಹರಕ್ಷಕ ದೊಡ್ಡಮಾದಯ್ಯ. ಆ ವೃತ್ತದಲ್ಲಿ ಹತ್ತೊಂಬತ್ತು ವರ್ಷ ನಿಂತು, ಕೈ ಬೀಸಿ, ಪೀಪಿ ಊದಿ, ಅವನ ಮಂಡಿಗಳು ಎಣ್ಣೆ ಕಾಣದ ಗೇಟಿನ ಹಾಗೆ ಕಿರುಗುಟ್ಟುತ್ತಿದ್ದವು. ಸಬ್‌ಇನ್ಸ್‌ಪೆಕ್ಟರ್ ಮಹೇಶ್ಕುಮಾರ್ ಅವನಿಗೆ ಮಾತು ಕೊಟ್ಟಿದ್ದರು. ಸಿಗ್ನಲ್ ಒಂದು ದಿನ ಯಾರ ಸಹಾಯವೂ ಇಲ್ಲದೆ ನಡೆದುಬಿಟ್ಟರೆ ಮಾದಯ್ಯನಿಗೆ ಠಾಣೆಯೊಳಗೆ ಫ್ಯಾನಿನ ಕೆಳಗೆ ಒಂದು ಕುರ್ಚಿ.

ಸಿಗ್ನಲ್ ಕೂರಿಸಲು ಮೈಸೂರಿನಿಂದ ಬಂದಿದ್ದ ಇಂಜಿನಿಯರ್ ನಂದಿತಾ ಬೆಳಿಗ್ಗೆಯೇ ಎಲ್ಲವನ್ನೂ ವಿವರಿಸಿದಳು. ಕಂಬದ ಮೇಲಿನ ಕ್ಯಾಮೆರಾ ಪ್ರತಿ ರಸ್ತೆಯ ವಾಹನಗಳನ್ನು ಎಣಿಸುತ್ತದೆ, ಉದ್ದ ಸಾಲಿಗೆ ಮೊದಲು ಹಸಿರು ಕೊಡುತ್ತದೆ. ಅಷ್ಟೇ ಅಲ್ಲ, ನೋಡುತ್ತ ನೋಡುತ್ತ ತಾನೇ ಕಲಿಯುತ್ತದೆ. ಆದ್ದರಿಂದ ಇವತ್ತು ಯಾರೂ ಪೀಪಿ ಊದುವಂತಿಲ್ಲ, ಕೈ ಎತ್ತುವಂತಿಲ್ಲ. ಅಪಘಾತವೇನಾದರೂ ಆದರೆ ಇರಲಿ ಎಂದು ಮಾದಯ್ಯನನ್ನು ನಡುವಿನ ಕಟ್ಟೆಯ ಮೇಲೆ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ, ಅವಳು ಸಾಹೇಬರ ಜೊತೆ ಠಾಣೆಗೆ ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತಳು.

ಒಂಬತ್ತು ಗಂಟೆಯವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಪೇಟೆ ಬೀದಿಯ ವಿರೂಪಾಕ್ಷನ ಹೋಟೆಲಿಗೆ ತಿಂಡಿಯ ಗಿರಾಕಿಗಳು ಬರತೊಡಗಿದರು. ಬಂದವರೆಲ್ಲ ಬೈಕುಗಳನ್ನು ರಸ್ತೆಯಲ್ಲೇ ಸಾಲಾಗಿ ನಿಲ್ಲಿಸಿ ಒಳಗೆ ಹೋದರು. ಕ್ಯಾಮೆರಾ ಎಣಿಸಿತು, ಇಪ್ಪತ್ತೆರಡು ವಾಹನ. ಪೇಟೆ ಬೀದಿಗೆ ಹಸಿರು ಬಿತ್ತು. ಬೈಕುಗಳು ಅಲುಗಲಿಲ್ಲ. ಪಾಪ, ಇನ್ನೂ ಹೋಗಿಲ್ಲವಲ್ಲ ಎಂದು ಸಿಗ್ನಲ್ ಮತ್ತೆ ಹಸಿರು ಕೊಟ್ಟಿತು. ಅತ್ತ ಮೈಸೂರು ರಸ್ತೆಯಲ್ಲಿ ಲಾರಿಗಳು, ಚುಂಚನಕಟ್ಟೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಕೆಂಪು ದೀಪ ನೋಡುತ್ತ ನಿಂತವು.

ಮಾದಯ್ಯ ಕಟ್ಟೆಯಿಂದಿಳಿದು ಹೋಟೆಲಿಗೆ ಹೋಗಿ ಬೈಕು ತೆಗೆಸೆಂದು ಬೇಡಿಕೊಂಡ. ವಿರೂಪಾಕ್ಷ ಸಾಂಬಾರಿನ ಸೌಟು ಹಿಡಿದೇ ಹೇಳಿದ, "ದೋಸೆ ತಿನ್ನೋರ್ನ ಎಬ್ಸಕಾಯ್ತದಾ ಮಾದಣ್ಣ? ನಿಮ್ ಮಿಷನ್ನಿಗೇ ಒಸಿ ಬುದ್ಧಿ ಏಳಿ."

ವಾಪಸು ಬರುವಷ್ಟರಲ್ಲಿ ಟ್ರ್ಯಾಕ್ಟರುಗಳ ಹಿಂದೆ ಒಂದು ಬಸ್ಸು ಸಿಕ್ಕಿಕೊಂಡಿತ್ತು. ಅದರ ಕಿಟಕಿಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ಹುಡುಗಿಯರ ಮುಖಗಳು. ಒಬ್ಬಳು ಆಗಲೇ ಅಳುತ್ತಿದ್ದಳು. ಪರೀಕ್ಷೆಗೆ ಉಳಿದದ್ದು ಇಪ್ಪತ್ತು ನಿಮಿಷ. ಮಾದಯ್ಯನ ಬೆನ್ನ ಹಿಂದಿನ ಕೈಗಳು ತುರಿಸತೊಡಗಿದವು. ಕೈ ಎತ್ತಿದರೆ ಕುರ್ಚಿ ಹೋಯಿತು. ಎತ್ತದಿದ್ದರೆ ಆ ಮಕ್ಕಳ ವರ್ಷ ಹೋಯಿತು.

ಅವನು ಮುಂದಿನ ಟ್ರ್ಯಾಕ್ಟರಿನ ಚಾಲಕನನ್ನು ನೋಡಿ ಎಡ ಹುಬ್ಬು ಮೇಲೆತ್ತಿದ.

ಚಾಲಕ ಗಾಡಿ ಬಿಟ್ಟ! ಹತ್ತೊಂಬತ್ತು ವರ್ಷ ಅದೇ ಮುಖ ನೋಡಿದ ಜನ ಅವರು; ದೀಪ ಯಾವ ಬಣ್ಣ ಎಂದು ಯಾರೂ ನೋಡಲಿಲ್ಲ. ಮಾದಯ್ಯ ಗದ್ದ ಎತ್ತಿದರೆ ಮೈಸೂರು ರಸ್ತೆ ನಿಂತಿತು, ಮೂಗು ಸೊಟ್ಟ ಮಾಡಿದರೆ ಹಾಸನ ರಸ್ತೆ ಹೊರಟಿತು. ಬಸ್ಸು ಪರೀಕ್ಷೆಯ ಹೊತ್ತಿಗೆ ಸರಿಯಾಗಿ ದಾಟಿ ಹೋಯಿತು. ಕೈಗಳು ಬೆನ್ನ ಹಿಂದೆಯೇ ಇದ್ದವು.

ತೊಂದರೆ ಶುರುವಾದದ್ದು ಇನ್ನೊಂದು ಕಡೆಯಿಂದ. ವೃತ್ತದ ಮೂಲೆಯಲ್ಲಿ ಹೂ ಮಾರುವ ಪುಷ್ಪಾ ಬೆಳಗಿನಿಂದ ಅವನನ್ನೇ ಗಮನಿಸುತ್ತಿದ್ದಳು. ಕೈ ಅಲುಗುತ್ತಿಲ್ಲ, ಕೇಳಿದರೆ ಮಾತಿಲ್ಲ, ಮುಖ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಿದೆ. ಅವಳ ಮಾವನಿಗೆ ಲಕ್ವ ಹೊಡೆದಾಗಲೂ ಹೀಗೇ ಆಗಿತ್ತು. ಅವಳು ಮಾದಯ್ಯನ ಮನೆಗೆ ಫೋನ್ ಮಾಡಿದಳು. ಅವನ ಹೆಂಡತಿ ಪುಟ್ಟಸಿದ್ದಮ್ಮ ಬರುವ ಮೊದಲೇ ಪೇಟೆಯ ಅರ್ಧ ಜನಕ್ಕೆ ಸುದ್ದಿ ಮುಟ್ಟಿ, ಒಬ್ಬರು ಬೆಳ್ಳುಳ್ಳಿ ಮೂಸಿಸಿ ಎಂದರು, ಇನ್ನೊಬ್ಬರು ಸರಗೂರಿನ ಕಡೆ ಔಷಧಿ ಕೊಡುವವರ ವಿಳಾಸ ಹೇಳಿದರು.

ಪುಟ್ಟಸಿದ್ದಮ್ಮ ಆಟೋದಿಂದ ಎಣ್ಣೆಯ ಬಾಟಲಿ ಹಿಡಿದೇ ಇಳಿದಳು. ಮಾದಯ್ಯ ಗಾಬರಿಯಿಂದ ಎರಡೂ ಹುಬ್ಬು ಎತ್ತಿದ. ಎರಡು ರಸ್ತೆಯ ಗಾಡಿಗಳು ಒಟ್ಟಿಗೆ ಹೊರಟವು. ಅವನು ತಟ್ಟನೆ ಗದ್ದ ಎತ್ತಿ ಅವುಗಳನ್ನು ನಿಲ್ಲಿಸಿದ. ಅದನ್ನು ಕಂಡ ಪುಟ್ಟಸಿದ್ದಮ್ಮನ ಕಣ್ಣಲ್ಲಿ ನೀರು ಬಂತು.

"ನಾನ್ಯಾರು ಗೊತ್ತಾಯ್ತದಾ ನಿಮ್ಗೆ?" ಎಂದು ಅವನ ತೋಳನ್ನು ಬಲವಾಗಿ ಚಿವುಟಿದಳು.

"ಗೊತ್ತಾಯ್ತದೆ ಕಣಮ್ಮಿ, ಮೆಲ್ಲುಗೆ," ಎಂದ ಮಾದಯ್ಯ ತುಟಿ ಅಲುಗಿಸದೆ. "ನಂಗೇನೂ ಆಗಿಲ್ಲ. ಕೈ ಎತ್ತುದ್ರೆ ಕುರ್ಚಿ ಓಯ್ತದೆ."

ಅವಳಿಗೆ ಅದು ಜ್ವರದ ಬಡಬಡಿಕೆಯಂತೆ ಕೇಳಿಸಿತು. ಅವನ ಟೋಪಿ ತೆಗೆದು ನೆತ್ತಿಗೆ ಅರ್ಧ ಬಾಟಲಿ ಎಣ್ಣೆ ತಟ್ಟಿದಳು. ಎಣ್ಣೆ ಕಣ್ಣಿಗಿಳಿಯಿತು. ಮಾದಯ್ಯ ಕೈ ಎತ್ತಿ ಒರೆಸಿಕೊಳ್ಳಲಿಲ್ಲ. ಉರಿಯುವ ಕಣ್ಣುಗಳಲ್ಲೇ ಸಂಜೆ ಐದರವರೆಗೆ ನಾಲ್ಕು ರಸ್ತೆಗಳನ್ನು ನಡೆಸಿದ. ಪುಟ್ಟಸಿದ್ದಮ್ಮ ಪಕ್ಕದಲ್ಲೇ ಕೊಡೆ ಹಿಡಿದು ನಿಂತಳು.

ಐದಕ್ಕೆ ಠಾಣೆಯಿಂದ ಕರೆ ಬಂತು. ಒಳಗೆ ಮಹೇಶ್ಕುಮಾರ್ ಮುಖವೆಲ್ಲ ನಗುವಾಗಿದ್ದರು. ಎಂಟು ನಿಮಿಷ ಕಾಯಬೇಕಿದ್ದ ವೃತ್ತದಲ್ಲಿ ಈಗ ಒಂದೂವರೆ ನಿಮಿಷವಂತೆ. ಹುಣಸೂರು, ಪಿರಿಯಾಪಟ್ಟಣದವರೂ ಇಂಥದೇ ಬೇಕೆಂದು ಆಗಲೇ ಫೋನ್ ಮಾಡಿದ್ದರಂತೆ. ಮಾದಯ್ಯನ ಕಣ್ಣು ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ನೆಟ್ಟಿತು.

ನಂದಿತಾ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದಳು. ತೆರೆಯ ಮೇಲೆ ಅವನ ಮುಖ, ಅದರ ಸುತ್ತ ಒಂದು ಹಸಿರು ಚೌಕ.

"ಸರ್, ಮಿಷನ್ ಹತ್ತೂವರೆಗೇ ವಾಹನ ಎಣಿಸೋದು ನಿಲ್ಲಿಸಿಬಿಟ್ಟಿದೆ," ಎಂದಳು ಅವಳು ಬೆರಗಿನಿಂದ. "ನಿಮ್ಮ ಮುಖ ನೋಡೇ ಕಲಿತಿದೆ. ಎಡ ಹುಬ್ಬು ಎತ್ತಿದ್ರೆ ಚುಂಚನಕಟ್ಟೆ ರಸ್ತೆಗೆ ಹಸಿರು. ಒಂದು ಸಲಾನೂ ತಪ್ಪಿಲ್ಲ."

ಮಾದಯ್ಯ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಸಾಹೇಬರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಇನ್ನು ಮುಂದೆ ಅವನನ್ನು ಆ ವೃತ್ತದಿಂದ ಯಾರೂ ಕದಲಿಸುವಂತಿಲ್ಲ, ಹಾಗೆಂದು ಮೇಲಕ್ಕೆ ಬರೆದು ಕಳಿಸಿಯೂ ಆಗಿದೆ ಎಂದರು. ಸಲಕರಣೆಗಳ ಪಟ್ಟಿಯನ್ನೂ ತೋರಿಸಿದರು: ಕ್ಯಾಮೆರಾ ನಾಲ್ಕು, ಕಂಬ ನಾಲ್ಕು, ದೊಡ್ಡಮಾದಯ್ಯ ಒಂದು.

ಮಾದಯ್ಯ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಮೆತ್ತಗೆ ಕೇಳಿದ, "ಮೇಡಮ್ಮೋರೆ, ಆ ಕಟ್ಟೆ ಮ್ಯಾಲೇ ಒಂದ್ ಕುರ್ಚಿ ಆಕೊಂಡು ಕುಂತ್ಕಂಡ್ರೆ ಅದುಕ್ಕೆ ನನ್ ಗುರ್ತು ಸಿಕ್ತದಾ?"

ನಂದಿತಾ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿ, ಎರಡೆರಡು ಸಲ ಪರೀಕ್ಷಿಸಿ, ನಿಜವಾದ ಬೇಸರದಿಂದ ತಲೆಯಾಡಿಸಿದಳು.

"ಇಲ್ಲ ಸರ್. ನಿಂತಿದ್ರೆ ಮಾತ್ರ."