ಚಹಾ ಸಿಗದ ಸಿನಿಮಾಗಳು

ನಮ್ಮ ಕಾಕಾ ನೋಡಿದಷ್ಟು ಹಳೆಯ ಹಾಲಿವುಡ್ ಸಿನಿಮಾಗಳನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಜಾಲಾಡಿದರೂ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅವುಗಳಲ್ಲಿ ಒಂದನ್ನೂ ಅವರು ಪೂರ್ತಿ ನೋಡಿಲ್ಲ. ಇದರಲ್ಲೂ ಉತ್ಪ್ರೇಕ್ಷೆ ಇಲ್ಲ!

ಬೇಸರವಾಗಿ ಅರ್ಧಕ್ಕೇ ಎದ್ದು ಹೋಗುವ ಪೈಕಿ ಅಂದುಕೊಳ್ಳಬೇಡಿ. ಸಿನಿಮಾ ಶುರುವಾಯಿತೆಂದರೆ ಕಾಕಾ ಮಿಸುಕುವುದಿಲ್ಲ. ಮನೆಗೆ ಬಂದ ಬೀಗರಿಗೂ ಕಣ್ಣಲ್ಲೇ "ಕೂಡ್ರಿ" ಅಂತಾರೆ. ಕೊಲೆಯಾಗಬೇಕು, ಪತ್ತೇದಾರ ಬರಬೇಕು, ಬಂಗಲೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, "ಕೊಲೆಗಾರ ಇಲ್ಲೇ ಇದ್ದಾನೆ" ಎನ್ನುವಂತೆ ಬೆರಳೆತ್ತಬೇಕು. ಅಷ್ಟರಲ್ಲಿ ಕಾಕಾ ರಿಮೋಟ್ ಎತ್ತಿ ಟಿವಿ ಬಂದ್ ಮಾಡಿಬಿಡುತ್ತಾರೆ! ನಾವು ಬಾಯಿ ಬಾಯಿ ಬಡಿದುಕೊಂಡರೆ ಅವರದು ಒಂದೇ ಉತ್ತರ.

"ಸಾಕು ಬಿಡವಾ, ಟೈಮ್ ಆತು."

ಎಲ್ಲಿಗೆ ಟೈಮ್ ಆಯಿತು? ಸಿಂಧನೂರಿನ ಅಕ್ಕಿ ಗಿರಣಿಯ ಗುಮಾಸ್ತಿಕೆಯಿಂದ ಬಿಡುಗಡೆಯಾಗಿ ಎಷ್ಟೋ ವರ್ಷವಾದ ಮನುಷ್ಯ. ಮಸ್ಕಿಯ ತಮ್ಮ ಮನೆಯ ಪಡಸಾಲೆಯಲ್ಲಿ, ಬನಿಯನ್, ಲುಂಗಿಯಲ್ಲಿ ಕೂತಿದ್ದಾರೆ. ಅವರಿಗಾಗಿ ಯಾವ ವಿಮಾನ ಕಾಯುತ್ತಿದೆ?

ಇಷ್ಟರ ಮೇಲೆ ಅವರು ವಿಮರ್ಶಕರು ಬೇರೆ! ದಿನವೂ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಅವರ ಧ್ವನಿಯಲ್ಲಿ ವಿಮರ್ಶೆ ಬಂದು ಬೀಳುತ್ತದೆ. ಕಾಕಾಗೆ ಬರುವ ಇಂಗ್ಲಿಷು "ಯೆಸ್", "ನೋ" ಮತ್ತು "ಹ್ಯಾಂಡ್ಸ್ ಅಪ್". ಉಳಿದದ್ದೆಲ್ಲ ಅವರ ಸ್ವಂತ ತರ್ಜುಮೆ. "ಮಾರಿ ನೋಡಿದ್ರ ತಿಳೀತೈತಿ, ಮಾತು ಯಾತಕ್ಕ ಬೇಕು?" ಎನ್ನುತ್ತಾರೆ. ಪಾತ್ರಗಳ ಹೆಸರು ನಾಲಿಗೆಗೆ ಹತ್ತುವುದಿಲ್ಲವಾದ್ದರಿಂದ ನಾಯಕ ಯಾವಾಗಲೂ ಟೊಪಗಿಯವ, ನಾಯಕಿ ಗೌನಿನಾಕಿ, ಖಳನಾಯಕ ಚುಟ್ಟಾ ಸಾಹುಕಾರ. ಒಂದು ಮಾದರಿ ಕೇಳಿ.

"ಎಲ್ಲಾರಿಗೂ ನಮಸ್ಕಾರ. ಇವತ್ತಿಂದು ಕುದುರಿ ಸಿನಿಮಾ. ಚುಟ್ಟಾ ಸಾಹುಕಾರ ಹಳ್ಳಕ್ಕ ಒಡ್ಡು ಹಾಕ್ಯಾನ, ಕೆಳಗಿನವರ ಹೊಲಕ್ಕ ನೀರು ಬಿಡವಲ್ಲ. ಕಾಲುವಿ ಕೊನೀ ರೈತರ ಗೋಳು ಅಮೆರಿಕಾದಾಗೂ ಐತ್ರೆಪಾ! ಟೊಪಗಿಯವ ಬಂದಾನ, ಪಿಸ್ತೂಲು ತೆಗದಾನ. ಮುಂದಿಂದು ನಾ ನೋಡಿಲ್ಲ. ಕುದುರಿ ಮಾತ್ರ ಚಲೋ ಓಡ್ಯಾವು. ಮಂಡಕ್ಕಿ, ಎರಡು ಮಿರ್ಚಿ."

ಹೌದು, ಬೇರೆಯವರು ನಕ್ಷತ್ರ ಕೊಟ್ಟರೆ ಕಾಕಾ ಮಿರ್ಚಿ ಕೊಡುತ್ತಾರೆ. ಬರೀ ಮಂಡಕ್ಕಿ ಎಂದರೆ ಹೊಟ್ಟೆ ತುಂಬದ ಸಿನಿಮಾ. ಮಂಡಕ್ಕಿಯ ಜೊತೆ ಮಿರ್ಚಿ ಭಜಿ ಬಂದರೆ ನೋಡಬಹುದು. ಎಲ್ಲಕ್ಕಿಂತ ದೊಡ್ಡ ಬಿರುದು ಮಂಡಕ್ಕಿ, ಮಿರ್ಚಿ, ಮೇಲೊಂದು ಚಹಾ. ಆದರೆ ಯಾವ ಸಿನಿಮಾಕ್ಕೂ ಚಹಾ ದಕ್ಕಿರಲಿಲ್ಲ. ಯಾಕೆಂದು ಕೇಳಿದರೆ, "ಚಹಾ ಕುಡಿಯೋದು ಎಲ್ಲಾ ಮುಗದ ಮ್ಯಾಲಲ್ಲೇನು? ಮುಗಿದಿದ್ದು ನಾ ಎಲ್ಲಿ ನೋಡೀನಿ?" ಎಂದು ನಮ್ಮನ್ನೇ ದಬಾಯಿಸುತ್ತಿದ್ದರು.

ನಾಯಕ ನಾಯಕಿ ತುಟಿಗೆ ತುಟಿ ತರುವ ಹೊತ್ತಿಗೆ ಕಾಕಾ ಕಿಟಕಿಯ ಕಡೆ ತಿರುಗಿ, "ಎಮ್ಮಿಗೆ ನೀರು ಇಟ್ಟೀರೇನ?" ಎಂದು ಗಟ್ಟಿಯಾಗಿ ಕೇಳುವುದೂ ಉಂಟು. ಮನೆಯಲ್ಲಿ ಎಮ್ಮೆಯೇ ಇಲ್ಲ!

ಈ ವಿಮರ್ಶೆಗಳಿಂದ ಅತಿ ಹೆಚ್ಚು ನೊಂದವರು ನಮ್ಮ ಮನೆಯವರು, ಅಂದರೆ ನನ್ನ ಗಂಡ. ಲಿಂಗಸುಗೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಮದುವೆಯ ಕರೆಯೋಲೆಯಲ್ಲಿ ಕಾಗುಣಿತ ತಪ್ಪಿದ್ದರೆ ಉಂಡು ಬಂದ ಮೇಲೂ ಅದನ್ನೇ ಹೇಳುವ ಪ್ರಾಣಿ. "ಕೊನೆ ನೋಡದೆ ವಿಮರ್ಶೆ ಮಾಡೋದು ಅಂದ್ರ ಏನು? ಉಣ್ಣದ ಊಟಕ್ಕ ಉಪ್ಪು ಕಡಿಮಿ ಅಂದಂಗ!" ಎಂದು ಕುದಿಯುತ್ತಿದ್ದರು. ಒಂದು ದಿನ, ಬಂಗಲೆಯ ಕೊಲೆಯ ಸಿನಿಮಾದ ವಿಮರ್ಶೆ ಬಂದಾಗ, ತಡೆಯಲಾಗದೆ ಗುಂಪಿನಲ್ಲಿ ಹಾಕಿಯೇಬಿಟ್ಟರು: "ಮಾವಾರ, ಅಡಿಗಿಯಾಕಿನ ಕೊಲಿ ಮಾಡ್ಯಾಳ."

ಕಾಕಾ ಕೂಡಲೇ ಗುಂಪು ಬಿಟ್ಟು ಹೋದರು. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಮಸ್ಕಿಗೆ ಹೋಗಿ, ಎದುರಿಗೆ ಕೂತು ರಮಿಸಿದ ಮೇಲೆ, "ಅಳಿಯಾರು ಭಾಳ ಓದ್ಯಾರ, ಖರೇ. ಆದ್ರ ಇನ್ನೊಬ್ಬರ ತಾಟಿಗೆ ಕೈ ಹಾಕಬಾರದು ಅಂತ ಅವರಿಗೆ ಯಾರೂ ಕಲಿಸಿಲ್ಲೇನ?" ಎಂದರು. ಅವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ನಮ್ಮ ಮನೆಯವರಿಂದ, ಇನ್ನು ಮುಂದೆ ಯಾವ ಸಿನಿಮಾದ ಕೊನೆಯನ್ನೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದೆ. ಆದರೂ ಅವರ ಹೊಟ್ಟೆಯೊಳಗೆ ಆ ಕೊನೆಗಳೆಲ್ಲ ಕುದಿಯುತ್ತಲೇ ಇದ್ದವು.

ಇನ್ನು ಕಾಕಿಯ ವಿಷಯ. ಅವರ ವಿಷಯ ಹೇಳದೆ ಕಾಕಾನ ವಿಷಯ ಮುಗಿಯುವುದಿಲ್ಲ. ಕಾಕಿ ಎಂದರೆ ಮಾತು, ಮಾತು ಎಂದರೆ ಕಾಕಿ. ಕರಿಬೇವು ತರಲು ಹೋದರೆ ಇಡೀ ಓಣಿಯ ಸುದ್ದಿ ಹೊತ್ತು ತರುತ್ತಿದ್ದರು, ಕರಿಬೇವು ಮಾತ್ರ ಮರೆಯುತ್ತಿದ್ದರು. ಅಂಥವರಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕೈಕಾಲು ಹಂತಹಂತವಾಗಿ ಸುಧಾರಿಸಿದವು. ಮಾತು ಮಾತ್ರ ತಿರುಗಿ ಬರಲಿಲ್ಲ. ನಕ್ಕರೆ ನಗುತ್ತಾರೆ, ಅತ್ತರೆ ಅಳುತ್ತಾರೆ, ಏನು ಕೇಳಿದರೂ "ಹ್ಞೂಂ" ಒಂದೇ. ಆ ಮನೆಗೆ ಹೋದಾಗ ಪಡಸಾಲೆ ಬಿಕೋ ಎನ್ನುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ.

ಡಾಕ್ಟರರು, "ಅವರಿಗೆ ಎಲ್ಲಾ ತಿಳೀತೈತಿ. ಮಾತು ಒಳಗ ಅದಾವ, ಹೊರಗ ಬರವಲ್ವು. ಮಾತಾಡಿಸ್ಕೋತ ಇರ್ರಿ, ಬಿಡಬ್ಯಾಡ್ರಿ" ಎಂದಿದ್ದರು. ನಾನು ಶಾಲೆಯ ಟೀಚರು, ಬಿಡುತ್ತೇನೆಯೇ? ಬದನೆಕಾಯಿ, ಈರುಳ್ಳಿ, ಟೊಮೆಟೊ ಎಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ, ಒಂದೊಂದನ್ನೇ ಎತ್ತಿ ಹಿಡಿದು "ಕಾಕಿ, ಇದೇನ್ರಿ?" ಎಂದೆ. ಕಾಕಿ ನನ್ನನ್ನು ಒಮ್ಮೆ ನೋಡಿದರು, ಬದನೆಕಾಯಿಯನ್ನು ಒಮ್ಮೆ ನೋಡಿದರು, ಗೋಡೆಯ ಕಡೆ ಹೊರಳಿ ಮಲಗಿದರು.

ಕಾಕಾ ನಕ್ಕರು. "ಬದನೀಕಾಯಿ ತೋರಿಸಿ ಏನಂದ್ರ ಯಾರು ಮಾತಾಡ್ತಾರವಾ? ಅಕೀಗೆ ಕಥಿ ಬೇಕು."

ಅಂದಿನಿಂದ ನಾಷ್ಟಾ ಆದ ಮೇಲೆ ಕಾಕಿಯನ್ನು ಕುರ್ಚಿಯಲ್ಲಿ ಕೂಡಿಸಿ, ಕಾಲ ಮೇಲೆ ಚಾದರ ಹೊದಿಸಿ ಸಿನಿಮಾ ಹಚ್ಚುವುದು ರೂಢಿಯಾಯಿತು. ದಿನವೂ ಒಂದು ಸಿನಿಮಾ. ಅಲ್ಲಿಯವರೆಗೆ ಸರಿ. ಆದರೆ ಕೊನೆ ಹತ್ತಿರ ಬಂದ ಕೂಡಲೇ ಟಿವಿ ಬಂದ್ ಮಾಡಿ, ಕಾಕಿಯ ಕಡೆ ತಿರುಗಿ, "ಮುಂದ?" ಎಂದು ಕೇಳುವರು! ಕಾಕಿಯ ತುಟಿ ಅಲುಗುವುದು, ಕತ್ತಿನ ನರ ಬಿಗಿಯುವುದು, ಏನೂ ಬರದೆ ಕಣ್ಣು ತುಂಬುವುದು. ಕಾಕಾ ಅವರ ಮೊಣಕಾಲು ತಟ್ಟಿ, "ಇರಲಿ, ನಾಳಿ ಹೇಳುವಿಯಂತ" ಎನ್ನುವರು. ಮರುದಿನ ಮತ್ತದೇ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಕರೆದು ಗದರಿಸಿಯೇಬಿಟ್ಟೆ.

"ಕಾಕಾ, ಮಾತು ಬರವಲ್ದವರನ್ನ ದಿನಾ ಮುಂದ ಏನು ಅಂತ ಕೇಳ್ತೀರಲ್ಲ, ಅವರ ಜೀವಕ್ಕ ಹೆಂಗಾಗಬ್ಯಾಡ? ನಿಮಗ ಅಷ್ಟು ಚಿಂತಿ ಇದ್ರ ರಿಮೋಟ್ ಒತ್ತಿ ನೀವ ನೋಡ್ರಿ!"

ಕಾಕಾ ನೆಲ ನೋಡುತ್ತ ಮೆಲ್ಲಗೆ ಹೇಳಿದರು.

"ಲಗ್ನ ಆದ ಹೊಸದಾಗಿ ಸಿಂಧನೂರಿನ ಟಾಕೀಜಿನಾಗ ಐತಾರಕ್ಕೊಮ್ಮೆ ಹಳೀ ಇಂಗ್ಲಿಷ್ ಸಿನಿಮಾ ಹಾಕ್ತಿದ್ರವಾ. ಜನ ಕೂಡೋತನಕ ಶುರು ಮಾಡ್ತಿರಲಿಲ್ಲ. ನಡಬರಕ ಕರೆಂಟ್ ಹೋಗೋದು, ರೀಲು ಹರಿಯೋದು. ನಮ್ಮ ಮಸ್ಕೀ ಬಸ್ಸು ಸಂಜೀಕ. ಅದು ತಪ್ಪಿದ್ರ ಮುಂದಿಂದು ಯಾವಾಗ ಅಂತ ಡ್ರೈವರಗೂ ಗೊತ್ತಿರಲಿಲ್ಲ. ಸಿನಿಮಾ ರಂಗೇರಿದಾಗ ನಾ 'ಟೈಮ್ ಆತು, ಏಳ' ಅಂತಿದ್ದೆ. ಅಕೀ ಹೊಳ್ಳಿ ಹೊಳ್ಳಿ ಪರದೆ ನೋಡ್ಕೋತ ಬರ್ತಿದ್ಲು."

"ಮತ್ತ ಕೊನೀದು?"

"ಬಸ್ಸಿನಾಗ ಅಕೀನ ಹೇಳ್ತಿದ್ಲಲ್ಲ!" ಕಾಕಾನ ಮುಖ ಅರಳಿತು. "ತನ್ನದ ಕಥಿ. ಯಾರನ್ನೂ ಸಾಯಗೊಡ್ತಿರಲಿಲ್ಲ. ಚುಟ್ಟಾ ಸಾಹುಕಾರ ಸುದ್ದಾ ಎಲ್ಲಾರ ಕಾಲಿಗೆ ಬಿದ್ದು, ಉಪ್ಪಿಟ್ಟು ತಿಂದು ಹೋಗ್ತಿದ್ದ. ಹಿಂದಿನ ಸೀಟಿನವರು ಕುತ್ತಿಗಿ ಚಾಚಿ ಕೇಳ್ತಿದ್ರು. ಒಬ್ಬಂವ ಕಥಿ ಮುಗೀಲಿ ಅಂತ ತನ್ನೂರು ದಾಟಿ ಮಸ್ಕೀಗೇ ಬಂದಿದ್ದ! ಸರಿಯಾಗಿ ನಮ್ಮೂರು ಬಂದಾಗ ಅಕೀ ಕಥಿ ಮುಗಿಸಿ, 'ಖತಂ, ಇಳೀರಿನ್ನ' ಅಂತಿದ್ಲು. ಟಾಕೀಜು ಮುಚ್ಚಿತು, ಟಿವಿ ಬಂತು, ಆದ್ರೂ ಕೊನೀದು ಮಾತ್ರ ಅಕೀದ. ಈಗ ನಾ ಒಬ್ನ ನೋಡಿಬಿಟ್ರ, ಅಕೀ ಏನು ಹೇಳಬೇಕವಾ?"

ಬದನೆಕಾಯಿ ಹಿಡಿದುಕೊಂಡು ಹೋದ ಟೀಚರು ನಾನು, ಏನು ಹೇಳಲಿ?

ಆ ಮೇಲಿನ ಭಾನುವಾರ ನಮ್ಮ ಮನೆಯವರೂ ನನ್ನೊಂದಿಗೆ ಮಸ್ಕಿಗೆ ಬಂದರು. ಬಸ್ಸಿನ ಮಾತನ್ನು ಅವರಿಗೂ ಹೇಳಿದ್ದೆ. ಅಂದಿನದು ಹಡಗಿನ ಸಿನಿಮಾ. ನಾಳೆ ಇದೇ ಎಂದು ಕಾಕಾ ಗುಂಪಿನಲ್ಲಿ ಹೇಳಿದ್ದರಿಂದ, ಅದನ್ನು ಹಿಂದಿನ ದಿನವೇ ಲಿಂಗಸುಗೂರಿನ ನಮ್ಮ ಮನೆಯಲ್ಲಿ ನಾವಿಬ್ಬರೂ ಕೊನೆಯವರೆಗೆ ನೋಡಿದ್ದೆವು. ಬಂದರಿನಲ್ಲಿ ಪುಟ್ಟ ಅಂಗಡಿ ಇಟ್ಟ ಹೆಣ್ಣು, ಯುದ್ಧಕ್ಕೆ ಹಡಗು ಹತ್ತಿ ಹೋಗುವ ಗಂಡ. ಅವನು ತಿರುಗಿ ಬರುವುದಿಲ್ಲ. ಅವಳ ಕೂದಲು ಬೆಳ್ಳಗಾಗುತ್ತದೆ, ಅಂಗಡಿಯ ದೀಪ ಆರುತ್ತದೆ, ಅಷ್ಟೆ. ನನಗೆ ರಾತ್ರಿಯ ಊಟ ಸೇರಿರಲಿಲ್ಲ.

ಪರದೆಯ ಮೇಲೆ ಹಡಗು ಹೊರಟಿತು. ಗೌನಿನಾಕಿ ಕೈ ಬೀಸಿದಳು. "ನಮ್ಮ ಕಾಲುವಿಯಂಥಾವು ಎಷ್ಟು ಕೂಡಿದ್ರ ಈ ಸಮುದ್ರ ಆಕ್ಕೈತೋ!" ಎಂದ ಕಾಕಾ, ಹಡಗು ಚುಕ್ಕೆಯಾಗುವ ಹೊತ್ತಿಗೆ ಟಿವಿ ಬಂದ್ ಮಾಡಿದರು. ಕಾಕಿಯ ಕಡೆ ತಿರುಗಿದರು.

"ಮುಂದ?"

ಕಾಕಿಯ ತುಟಿ ಅಲುಗಿತು. ಪಕ್ಕದಲ್ಲಿ ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡರು. ಎಲ್ಲಿ ಬಾಯಿ ಬಿಡುತ್ತಾರೋ ಎಂದು ಅವರ ತೊಡೆ ಚಿವುಟಿ ಹಿಡಿದೆ.

"ಹೊ..."

ಕಾಕಾನ ಕೈಯಿಂದ ರಿಮೋಟ್ ಜಾರಿತು.

"ಹೊಳ್ಳಿ..." ಕಾಕಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. "ಹೊಳ್ಳಿ... ಬಂದ."

ಕಾಕಾ ಕಾಕಿಯ ಮುಖವನ್ನು ನೋಡಿದರು. ಆಮೇಲೆ, ಎಂದೂ ಯಾರನ್ನೂ ಕೊನೆ ಕೇಳದ ಮನುಷ್ಯ, ನಮ್ಮ ಮನೆಯವರ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ.

"ಅಳಿಯಾರ, ನೀವು ನೋಡಿರ್ತೀರಿ. ಖರೇನ? ಹೊಳ್ಳಿ ಬರ್ತಾನ?"

ಕರೆಯೋಲೆಯ ಕಾಗುಣಿತವನ್ನೂ ಕ್ಷಮಿಸದ ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು.

"ಬರ್ತಾನ್ರೀ ಮಾವಾರ. ನಾ ಕೊನೀತನಕ ನೋಡೀನಿ. ಅತ್ತ್ಯಾರು ಹೇಳಿದ್ದ ಖರೇ."

ಕಾಕಿ ನಕ್ಕರು. ಬಲು ಕಷ್ಟದಿಂದ, ಆದರೆ ಹಳೆಯ ಠೀವಿಯಲ್ಲೇ, ಇನ್ನೊಂದು ಮಾತನ್ನು ಹೊರಗೆ ತಂದರು.

"ಖ...ತಂ."

ಕಾಕಾ ತಟ್ಟನೆ ಎದ್ದು ನಿಂತರು. ಬಸ್ಸಿನಿಂದ ಇಳಿಸಿಕೊಳ್ಳುವವರ ಹಾಗೆ ಕಾಕಿಗೆ ಕೈ ಚಾಚಿದರು. ನಾನು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಓಡಿದೆ. ಪಡಸಾಲೆಯಲ್ಲಿ ಕಾಕಾ ಆಗಲೇ ಫೋನ್ ಬಾಯಿಗೆ ಹಿಡಿದಿದ್ದರು.

"ಎಲ್ಲಾರಿಗೂ ನಮಸ್ಕಾರ. ಇವತ್ತಿಂದು ಹಡಗಿನ ಸಿನಿಮಾ. ಗಂಡ ಹೊಳ್ಳಿ ಬಂದಾನ. ಮಂಡಕ್ಕಿ, ಮಿರ್ಚಿ..." ಎಂದು ನಿಲ್ಲಿಸಿ, ಒಳಗೆ ಕೂಗಿದರು. "ಯವ್ವಾ, ಚಹಾ ಇಡವಾ!"